ವಾಹನಗಳಲ್ಲಿ ಆಂಪ್ಲಿಫೈಯರ್ ಅಳವಡಿಕೆಯ ವಿದ್ಯುತ್ ದೋಷಗಳು

ಕಾರು, ಜೀಪು, ಟ್ರ್ಯಾಕ್ಟರ್ ಮೊದಲಾದ 12 ವೋಲ್ಟ್ ವಾಹನಗಳಿಗೆ ತಯಾರಕರು ಕೊಟ್ಟಿರದ ಆಂಪ್ಲಿಫೈಯರನ್ನು ಹೊರಗಿನಿಂದ ಜೋಡಿಸಿದ ಬಳಿಕ ಕಾಣಿಸಿಕೊಳ್ಳುವ ತೊಂದರೆಗಳನ್ನು ಒಟ್ಟಾಗಿ ಆಂಪ್ಲಿಫೈಯರ್ ಅಳವಡಿಕೆಯ ವಿದ್ಯುತ್ ದೋಷಗಳು ಎನ್ನಬಹುದು. ಸಂಗೀತದ ತಾಳಕ್ಕೆ ತಕ್ಕಂತೆ ದೀಪಗಳು ಮಂಕಾಗುವುದು, ಬೆಳಿಗ್ಗೆ ಎಂಜಿನ್ ಚಾಲನೆಗೊಳ್ಳದಿರುವುದು, ಸ್ಪೀಕರ್‌ನಲ್ಲಿ ಕೊರೆಯುವ ಸದ್ದು, ಫ್ಯೂಸ್ ಪದೇ ಪದೇ ಸುಡುವುದು ಇವುಗಳ ಸಾಮಾನ್ಯ ಲಕ್ಷಣಗಳು. ಆಂಪ್ಲಿಫೈಯರ್ ಕೆಟ್ಟಿದೆ ಅಥವಾ ಬ್ಯಾಟರಿ ಹಳೆಯದಾಗಿದೆ ಎಂದು ಇವನ್ನು ತಪ್ಪಾಗಿ ಗುರುತಿಸುವುದೇ ಹೆಚ್ಚು. ಬಹುತೇಕ ಸಂದರ್ಭಗಳಲ್ಲಿ ದೋಷವು ವಿದ್ಯುತ್ ಹೋಗುವ ಮತ್ತು ಮರಳುವ ದಾರಿಯಲ್ಲಿರುತ್ತದೆ.

== ಕಬ್ಬು ಸಾಗಣೆಯ ವಾಹನಗಳಲ್ಲಿ ==

ಬೆಳಗಾವಿ ಜಿಲ್ಲೆಯ ಗೋಕಾಕ, ಹುಕ್ಕೇರಿ ಹಾಗೂ ಹಿಂದೆ ಗೋಕಾಕ ತಾಲ್ಲೂಕಿಗೆ ಸೇರಿದ್ದ ಮೂಡಲಗಿ ಪ್ರದೇಶಗಳು ಘಟಪ್ರಭಾ ನದಿ ಮತ್ತು ಹಿಡಕಲ್ ಜಲಾಶಯದ ನೀರಾವರಿಯಿಂದ ಕಬ್ಬಿನ ಸೀಮೆಯಾಗಿ ಬೆಳೆದಿವೆ. ಸಂಕೇಶ್ವರದ ಹಿರಣ್ಯಕೇಶಿ ಸಹಕಾರಿ ಸಕ್ಕರೆ ಕಾರ್ಖಾನೆಯೂ ಸೇರಿದಂತೆ ಇಲ್ಲಿನ ಕಾರ್ಖಾನೆಗಳಿಗೆ ಚಳಿಗಾಲದ ನುರಿಸುವ ಹಂಗಾಮಿನಲ್ಲಿ ಹಗಲಿರುಳು ಟ್ರ್ಯಾಕ್ಟರ್‌ಗಳು ಕಬ್ಬು ಎಳೆಯುತ್ತವೆ. ಚಾಲಕರು ಟ್ರ್ಯಾಕ್ಟರ್‌ಗೆ ದೊಡ್ಡ ಸ್ಪೀಕರ್ ಮತ್ತು ಆಂಪ್ಲಿಫೈಯರ್ ಕೂಡಿಸುವುದು ಉತ್ತರ ಕರ್ನಾಟಕದ ಕಬ್ಬಿನ ಸೀಮೆಯಲ್ಲಿ ಸಾಮಾನ್ಯ ನೋಟ. ದೀರ್ಘ ರಾತ್ರಿಯ ಪ್ರಯಾಣದಲ್ಲಿ ನಿದ್ದೆ ತಡೆಯಲು ಹಾಡು ನೆರವಾಗುತ್ತದೆ ಎಂಬುದೂ ಇದಕ್ಕೆ ಒಂದು ಕಾರಣ.

ಕಾರಿಗೆ ಹೋಲಿಸಿದರೆ ಟ್ರ್ಯಾಕ್ಟರ್‌ನಲ್ಲಿ ಈ ದೋಷಗಳು ಬೇಗ ಪ್ರಕಟವಾಗುತ್ತವೆ. ಅದರ ಆಲ್ಟರ್ನೇಟರ್ ಚಿಕ್ಕದು. ಧೂಳು, ಕೆಸರು, ಕಂಪನ ಹೆಚ್ಚು. ಕಾರ್ಖಾನೆಯ ಅಂಗಳದಲ್ಲಿ ಎಂಜಿನ್ ನಿಲ್ಲಿಸಿ ಗಂಟೆಗಟ್ಟಲೆ ಸರದಿ ಕಾಯುವಾಗಲೂ ಹಾಡು ನಡೆದೇ ಇರುತ್ತದೆ.

== ವಿದ್ಯುತ್ತಿನ ಲೆಕ್ಕ ==

ಎಂಜಿನ್ ಓಡುತ್ತಿರುವಾಗ ವಾಹನದ ಎಲ್ಲ ವಿದ್ಯುತ್ ಅಗತ್ಯಗಳನ್ನು ಪೂರೈಸಬೇಕಾದುದು ಆಲ್ಟರ್ನೇಟರ್. ವಿಶ್ರಾಂತಿಯಲ್ಲಿರುವ ಪೂರ್ಣ ಚಾರ್ಜಿನ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ, ಆಲ್ಟರ್ನೇಟರ್ ಸರಿಯಾಗಿದ್ದಾಗ 13.8ರಿಂದ 14.4 ವೋಲ್ಟ್ ಕಾಣುತ್ತದೆ.

500 ವ್ಯಾಟ್ ನೈಜ ಸಾಮರ್ಥ್ಯದ, 'ಎಬಿ' ವರ್ಗದ ಆಂಪ್ಲಿಫೈಯರ್‌ನ ದಕ್ಷತೆ ಸುಮಾರು ಶೇ. 55 ಎಂದಿಟ್ಟುಕೊಂಡರೆ ಪೂರ್ಣ ಧ್ವನಿಯಲ್ಲಿ ಅದು 900 ವ್ಯಾಟ್‌ಗೂ ಹೆಚ್ಚು, ಅಂದರೆ 13.8 ವೋಲ್ಟ್‌ನಲ್ಲಿ ಸುಮಾರು 66 ಆಂಪಿಯರ್ ಸೆಳೆಯುತ್ತದೆ. ಶೇ. 80 ದಕ್ಷತೆಯ 'ಡಿ' ವರ್ಗದ ಆಂಪ್ಲಿಫೈಯರ್‌ಗೆ ಸುಮಾರು 45 ಆಂಪಿಯರ್ ಸಾಕು. ಹಾಡಿನಲ್ಲಿ ಏರಿಳಿತ ಇರುವುದರಿಂದ ಸರಾಸರಿ ಸೆಳೆತ ಇದರ ಮೂರನೆಯ ಒಂದು ಭಾಗ ಅಥವಾ ಇನ್ನೂ ಕಡಿಮೆ. ಆದರೆ ಡೋಲಿನ ಪ್ರತಿ ಏಟಿಗೂ ಗರಿಷ್ಠ ಪ್ರವಾಹವೇ ಬೇಕು. ಪೆಟ್ಟಿಗೆಯ ಮೇಲೆ ದೊಡ್ಡಕ್ಷರದಲ್ಲಿ ಮುದ್ರಿಸುವ 2000, 3000 ವ್ಯಾಟ್‌ಗಳು ಈ ಲೆಕ್ಕಕ್ಕೆ ಉಪಯೋಗವಿಲ್ಲ. ಉಪಕರಣದ ಮೇಲಿರುವ ಫ್ಯೂಸ್‌ನ ಆಂಪಿಯರ್ ಅಂಕಿಯೇ ಹೆಚ್ಚು ನಂಬಲರ್ಹ.

ಸಣ್ಣ ಕಾರಿನ ಆಲ್ಟರ್ನೇಟರ್ 65ರಿಂದ 90 ಆಂಪಿಯರ್ ಕೊಡಬಲ್ಲದು. ಹಲವು ಟ್ರ್ಯಾಕ್ಟರ್‌ಗಳಲ್ಲಿ ಅದು 35ರಿಂದ 45 ಆಂಪಿಯರ್ ಮಟ್ಟದ್ದು, ಅದೂ ಎಂಜಿನ್ ವೇಗವಾಗಿ ತಿರುಗುವಾಗ ಮಾತ್ರ. ಬೇಡಿಕೆ ಇದನ್ನು ಮೀರಿದಾಗ ಕೊರತೆಯನ್ನು ಬ್ಯಾಟರಿ ತುಂಬುತ್ತದೆ ಮತ್ತು ವೋಲ್ಟೇಜ್ ಕುಸಿಯುತ್ತದೆ. ತಂತುವಿನ ಬಲ್ಬ್‌ಗಳಲ್ಲಿ ವೋಲ್ಟೇಜ್ ಶೇ. 10ರಷ್ಟು ಇಳಿದರೆ ಬೆಳಕು ಸುಮಾರು ಶೇ. 30ರಷ್ಟು ತಗ್ಗುತ್ತದೆ. ಎರಡು ಟ್ರಾಲಿ ಕಬ್ಬು ಎಳೆಯುತ್ತ ರಾತ್ರಿ ಸಂಕೇಶ್ವರದ ಬಳಿ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಬರುವ ಟ್ರ್ಯಾಕ್ಟರ್‌ನ ಹಿಂದಿನ ಕೆಂಪು ದೀಪ ಮಂಕಾದರೆ, ಹಿಂದಿನಿಂದ ವೇಗವಾಗಿ ಬರುವ ವಾಹನಕ್ಕೆ ಅದು ತಡವಾಗಿ ಕಾಣುತ್ತದೆ.

== ಅರ್ಥಿಂಗ್ ದೋಷ ==

ಹೆಸರು ಅರ್ಥಿಂಗ್ ಎಂದಿದ್ದರೂ ಇದಕ್ಕೂ ನೆಲಕ್ಕೂ ಸಂಬಂಧವಿಲ್ಲ. ವಾಹನದ ಲೋಹದ ಚೌಕಟ್ಟೇ ಬ್ಯಾಟರಿಯ ಋಣ ತುದಿಗೆ ಮರಳುವ ತಂತಿಯಾಗಿ ಕೆಲಸ ಮಾಡುತ್ತದೆ. ಬಣ್ಣ, ತುಕ್ಕು ಅಥವಾ ಒಣ ಕೆಸರಿನ ಮೇಲೆ ಬೋಲ್ಟ್ ಬಿಗಿದರೆ ಆ ಜೋಡಣೆಯಲ್ಲಿ 0.02 ಓಮ್‌ನಷ್ಟು ರೋಧ ಉಳಿಯುವುದು ಕಷ್ಟವೇನಲ್ಲ. ಸಾಧಾರಣ ಮೀಟರ್ ಇದನ್ನು ಸೊನ್ನೆ ಎಂದೇ ತೋರಿಸುತ್ತದೆ. ಆದರೆ 50 ಆಂಪಿಯರ್ ಹರಿದಾಗ ಅಲ್ಲಿ ಒಂದು ವೋಲ್ಟ್ ನಷ್ಟವಾಗಿ, 50 ವ್ಯಾಟ್ ಶಾಖ ಹುಟ್ಟುತ್ತದೆ. ಹೊಸ ಬ್ಯಾಟರಿ ಹಾಕಿದರೂ ತೊಂದರೆ ಮುಂದುವರಿಯುವುದಕ್ಕೆ ಇದು ಸಾಮಾನ್ಯ ಕಾರಣ.

ಅರ್ಥ್ ಸಂಪರ್ಕ ತೀರ ಕೆಟ್ಟಾಗ ಪ್ರವಾಹವು ಸಿಗ್ನಲ್ ಕೇಬಲ್‌ನ ಹೊರಕವಚದ ಮೂಲಕ ಹೆಡ್ ಯೂನಿಟ್‌ಗೆ ನುಗ್ಗಿ ಅದರ ಒಳಭಾಗವನ್ನು ಸುಡಬಹುದು. ಸೀಟ್ ಬೆಲ್ಟ್‌ನ ಬೋಲ್ಟ್‌ಗೆ ಅರ್ಥ್ ತಂತಿ ಸಿಕ್ಕಿಸುವುದು ಸುರಕ್ಷತೆಯ ದೃಷ್ಟಿಯಿಂದ ನಿಷಿದ್ಧ. ಋಣ ತುದಿಯಲ್ಲಿ ಪ್ರವಾಹ ಅಳೆಯುವ ಸಂವೇದಕವಿರುವ ಹೊಸ ಕಾರುಗಳಲ್ಲಿ ಆಂಪ್ಲಿಫೈಯರ್ ತಂತಿಯನ್ನು ನೇರ ಬ್ಯಾಟರಿ ತುದಿಗೆ ಕೊಟ್ಟರೆ ಚಾರ್ಜಿಂಗ್ ಲೆಕ್ಕ ತಪ್ಪುತ್ತದೆ. ಅಂಥ ಕಾರುಗಳಲ್ಲಿ ಚೌಕಟ್ಟಿಗೇ ಕೊಡಬೇಕು.

== ತಂತಿ, ಫ್ಯೂಸ್ ಮತ್ತು ಬೆಂಕಿ ==

5 ಮೀಟರ್ ಉದ್ದದ 16 ಚದರ ಮಿ.ಮೀ. ತಾಮ್ರದ ತಂತಿಯಲ್ಲಿ 50 ಆಂಪಿಯರ್‌ಗೆ ಸುಮಾರು 0.27 ವೋಲ್ಟ್ ನಷ್ಟವಾಗುತ್ತದೆ. 4 ಚದರ ಮಿ.ಮೀ. ತಂತಿಯಲ್ಲಿ ಅದು ಒಂದು ವೋಲ್ಟ್ ದಾಟುತ್ತದೆ, ತಂತಿಯೂ ಬಿಸಿಯಾಗುತ್ತದೆ. ಅಗ್ಗದ ಕಿಟ್‌ಗಳಲ್ಲಿ ಬರುವ ತಾಮ್ರಲೇಪಿತ ಅಲ್ಯೂಮಿನಿಯಂ ತಂತಿಯ ರೋಧ ಅಷ್ಟೇ ದಪ್ಪದ ತಾಮ್ರಕ್ಕಿಂತ ಒಂದೂವರೆ ಪಟ್ಟಿಗೂ ಹೆಚ್ಚು.

ಮುಖ್ಯ ಫ್ಯೂಸ್ ಇರುವುದು ಆಂಪ್ಲಿಫೈಯರ್ ಉಳಿಸಲು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಕಾಯುವುದು ತಂತಿಯನ್ನು. ಆದ್ದರಿಂದ ಬ್ಯಾಟರಿಯ ಧನ ತುದಿಯಿಂದ ಸುಮಾರು 45 ಸೆಂ.ಮೀ. ಒಳಗೆ ಅದನ್ನು ಕೂಡಿಸಬೇಕು, ಮತ್ತು ಅದರ ಅಂಕಿ ತಂತಿ ತಾಳುವ ಪ್ರವಾಹವನ್ನು ಮೀರಬಾರದು. ಆಂಪ್ಲಿಫೈಯರ್ ಪಕ್ಕದಲ್ಲಿ ಮಾತ್ರ ಫ್ಯೂಸ್ ಇದ್ದರೆ, ನಡುವೆ ಎಲ್ಲಾದರೂ ತಗಡಿನ ಅಂಚಿಗೆ ಉಜ್ಜಿ ತಂತಿಯ ಹೊದಿಕೆ ಹರಿದಾಗ ಬ್ಯಾಟರಿಯ ನೂರಾರು ಆಂಪಿಯರ್ ಅಲ್ಲಿ ಹರಿಯುತ್ತದೆ. ಸುಟ್ಟ ಫ್ಯೂಸ್ ಜಾಗದಲ್ಲಿ ತಾಮ್ರದ ಎಳೆ ಸುತ್ತುವುದರ ಪರಿಣಾಮವೂ ಇದೇ. ರವದಿ ಎಂದು ಕರೆಯುವ ಕಬ್ಬಿನ ಒಣಗರಿ ತುಂಬಿದ ವಾಹನದಲ್ಲಿ ಒಂದು ಕಿಡಿ ಸಾಕು.

== ಕೊರೆಯುವ ಸದ್ದು ==

ಎಂಜಿನ್ ವೇಗದೊಂದಿಗೆ ಏರಿಳಿಯುವ ಕೀರಲು ಸದ್ದಿನ ಮೂಲ ಆಲ್ಟರ್ನೇಟರ್‌ನ ವಿದ್ಯುತ್ತಿನಲ್ಲಿ ಉಳಿಯುವ ಅಲೆ. ಹೆಡ್ ಯೂನಿಟ್ ಮತ್ತು ಆಂಪ್ಲಿಫೈಯರ್‌ಗಳ ಅರ್ಥ್ ಬಿಂದುಗಳ ನಡುವೆ ವೋಲ್ಟೇಜ್ ವ್ಯತ್ಯಾಸವಿದ್ದರೆ ಅದು ಸಿಗ್ನಲ್‌ಗೆ ಸೇರಿಕೊಳ್ಳುತ್ತದೆ. ಅರ್ಥ್ ಸರಿಪಡಿಸಿ, ವಿದ್ಯುತ್ ತಂತಿಯನ್ನು ವಾಹನದ ಒಂದು ಬದಿಗೂ ಸಿಗ್ನಲ್ ಕೇಬಲನ್ನು ಇನ್ನೊಂದು ಬದಿಗೂ ಎಳೆದರೆ ಬಹುಪಾಲು ನಿವಾರಣೆಯಾಗುತ್ತದೆ.

== ಬ್ಯಾಟರಿ ಬರಿದಾಗುವುದು ==

ಆಂಪ್ಲಿಫೈಯರ್‌ಗೆ 'ರಿಮೋಟ್' ಎಂಬ ಸಣ್ಣ ತಂತಿಯಿರುತ್ತದೆ. ಹೆಡ್ ಯೂನಿಟ್ ಆರಿದಾಗ ಆಂಪ್ಲಿಫೈಯರನ್ನೂ ಆರಿಸುವುದು ಅದರ ಕೆಲಸ. ಅದನ್ನು ಸದಾ ವಿದ್ಯುತ್ ಇರುವ ತಂತಿಗೆ ಸೇರಿಸಿಬಿಟ್ಟರೆ ಹಾಡು ನಿಂತರೂ ಒಂದು ಆಂಪಿಯರ್‌ನಷ್ಟು ಸೆಳೆತ ಮುಂದುವರಿದು, 45 ಆಂಪಿಯರ್-ಅವರ್‌ನ ಕಾರಿನ ಬ್ಯಾಟರಿ ಎರಡು ದಿನದೊಳಗೆ ಬರಿದಾಗಬಹುದು. ಸರದಿಯಲ್ಲಿ ನಿಂತ ಟ್ರ್ಯಾಕ್ಟರ್‌ನಲ್ಲಿ ಸರಾಸರಿ 15 ಆಂಪಿಯರ್‌ನಂತೆ ನಾಲ್ಕು ಗಂಟೆ ಹಾಡು ನುಡಿಸಿದರೆ 60 ಆಂಪಿಯರ್-ಅವರ್ ಖರ್ಚು. ಎಂಜಿನ್ ಚಾಲನೆಗೆಂದು ಮಾಡಿದ ಬ್ಯಾಟರಿ ಹೀಗೆ ಪದೇ ಪದೇ ಬರಿದಾದರೆ ಬೇಗ ಸಾಯುತ್ತದೆ.

ದೀಪ ಮಂಕಾದಾಗ ಅಂಗಡಿಗಳಲ್ಲಿ ಸೂಚಿಸುವ ಒಂದು ಫ್ಯಾರಡ್ ಕೆಪಾಸಿಟರ್, 14ರಿಂದ 12 ವೋಲ್ಟ್‌ಗೆ ಇಳಿಯುವಾಗ ಕೊಡುವ ಶಕ್ತಿ 26 ಜೂಲ್ ಮಾತ್ರ. 500 ವ್ಯಾಟ್‌ನ ಬೇಡಿಕೆಗೆ ಅದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗಕ್ಕೆ ಸಾಲುತ್ತದೆ. ಎರಡನೆಯ ಬ್ಯಾಟರಿ ನಿಂತಲ್ಲಿ ಹೆಚ್ಚು ಹೊತ್ತು ಹಾಡಿಸುತ್ತದೆ. ಆದರೆ ಅದನ್ನೂ ತುಂಬಬೇಕಾದುದು ಅದೇ ಆಲ್ಟರ್ನೇಟರ್.

== ಪತ್ತೆ ಹಚ್ಚುವ ಕ್ರಮ ==

ಎಂಜಿನ್ ಓಡಿಸಿ, ಧ್ವನಿ ಏರಿಸಿ, ಮೊದಲು ಬ್ಯಾಟರಿಯ ತುದಿಗಳಲ್ಲಿ, ಬಳಿಕ ಆಂಪ್ಲಿಫೈಯರ್‌ನ ತುದಿಗಳಲ್ಲಿ ವೋಲ್ಟೇಜ್ ಅಳೆಯಬೇಕು. ಎರಡೂ ಕಡೆ ಕುಸಿತ ಒಂದೇ ಆಗಿದ್ದರೆ ಆಲ್ಟರ್ನೇಟರ್ ಅಥವಾ ಬ್ಯಾಟರಿ ಸಾಲದು. ಆಂಪ್ಲಿಫೈಯರ್ ಬಳಿ ಮಾತ್ರ ಕುಸಿದರೆ ದೋಷ ತಂತಿಯದು ಅಥವಾ ಅರ್ಥ್‌ನದು. ಮೀಟರ್‌ನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಆಂಪ್ಲಿಫೈಯರ್‌ನ ಅರ್ಥ್ ತುದಿಗೂ ಹಿಡಿದಾಗ 0.2 ವೋಲ್ಟ್‌ಗಿಂತ ಹೆಚ್ಚು ಕಂಡರೆ ಆ ಜೋಡಣೆಯನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿಯಬೇಕು. ರಾತ್ರಿಯಲ್ಲಿ ಬ್ಯಾಟರಿ ಇಳಿಯುತ್ತಿದ್ದರೆ ಆಂಪ್ಲಿಫೈಯರ್‌ನ ಮುಖ್ಯ ಫ್ಯೂಸ್ ತೆಗೆದಿಟ್ಟು ನೋಡಬಹುದು. ಆಗಲೂ ಇಳಿದರೆ ಸೋರಿಕೆಯನ್ನು ವಾಹನದ ಬೇರೆ ಸರ್ಕ್ಯೂಟ್‌ಗಳಲ್ಲಿ ಹುಡುಕಬೇಕಾಗುತ್ತದೆ.