ಖಂಡುಗ
ಇಪ್ಪತ್ತು ಕೊಳಗಗಳ ಧಾನ್ಯದ ಅಳತೆಯಾದ ‘ಖಂಡುಗ’ವು ಶಾಸನಗಳಲ್ಲಿ ‘ಕಂಡುಗ’, ‘ಖಣ್ಡುಗ’ ಎಂಬ ರೂಪಗಳಲ್ಲಿಯೂ ಕಾಣಿಸಿಕೊಳ್ಳುತ್ತದೆ. ಉತ್ತರ ಕರ್ನಾಟಕದ ‘ಖಂಡಿ’ ಇದರ ಬಳಗದ್ದೇ. ನಾಗಮಂಗಲ, ಶ್ರೀರಂಗಪಟ್ಟಣ ಸೀಮೆಯ ದಾನಶಾಸನಗಳಲ್ಲಿ ಇದು ನೆಲದ ವಿಸ್ತಾರವನ್ನೂ ಸೂಚಿಸುತ್ತದೆ: ಖಂಡುಗ ಗದ್ದೆಯೆಂದರೆ ಖಂಡುಗ ಬೀಜ ಬಿತ್ತಲು ಬೇಕಾಗುವಷ್ಟು ಗದ್ದೆ. ಅಷ್ಟೇ ನೆಲಕ್ಕೆ ಭತ್ತಕ್ಕಿಂತ ಕಡಿಮೆ ರಾಗಿ ಬೀಜ ಸಾಲುವುದರಿಂದ, ನಾಗಮಂಗಲದ ಕಡೆಯ ಖಂಡುಗ ಹೊಲವು ಶ್ರೀರಂಗಪಟ್ಟಣದ ನಾಲೆಬಯಲಿನ ಖಂಡುಗ ಗದ್ದೆಗಿಂತ ಬಹಳ ದೊಡ್ಡದಾಗಿರುತ್ತಿತ್ತು. ಮೋಜಣಿದಾರನಿಗೆ ತೊಡಕೆನಿಸುವ ಈ ಏರುಪೇರು ಬೇಸಾಯಗಾರನಿಗೆ ಬಿತ್ತನೆಯ ಲೆಕ್ಕವನ್ನೇ ಹೇಳುತ್ತಿತ್ತು. ಮೆಟ್ರಿಕ್ ಪದ್ಧತಿಯಲ್ಲಿ ಅಂಥ ಸಡಿಲಿಕೆಯಿಲ್ಲ, ಹೊಲವಾಗಲಿ ಗದ್ದೆಯಾಗಲಿ ಹೆಕ್ಟೇರೆಂದರೆ 10,000 ಚದರ ಮೀಟರ್. ಆದರೂ 1956ರ ತೂಕ ಮತ್ತು ಅಳತೆ ಕಾಯ್ದೆಯ ನಂತರವೂ ಪಾಂಡವಪುರ, ಕೆ.ಆರ್. ಪೇಟೆಗಳ ಪಹಣಿಗಳಲ್ಲಿ ಜಮೀನಿನ ವಿಸ್ತೀರ್ಣವು ಎಕರೆ ಮತ್ತು ಅದರ ನಲವತ್ತನೆಯ ಪಾಲಾದ ಗುಂಟೆಯಲ್ಲಿಯೇ ನಮೂದಾಗುತ್ತದೆ.