ದತ್ತಸಂಚಯಗಳ ಶೋಧ ಮತ್ತು ಕರ್ನಾಟಕ ಇತಿಹಾಸ ಸಂಶೋಧನೆ

ಸಂಶೋಧನ ಲೇಖನವೊಂದಕ್ಕಾಗಿ ನಿಯತಕಾಲಿಕಗಳ ಹಳೆಯ ಸಂಪುಟಗಳನ್ನು ಒಂದೊಂದಾಗಿ ತಿರುವಿಹಾಕಬೇಕಾಗಿದ್ದ ಸ್ಥಿತಿ ಈಗ ಬಹುಮಟ್ಟಿಗೆ ಬದಲಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಯೋಜನೆಯಾಗಿ 1991ರಲ್ಲಿ ಆರಂಭವಾದ ಇನ್‌ಫ್ಲಿಬ್‌ನೆಟ್ 1996ರಲ್ಲಿ ಸ್ವಾಯತ್ತ ಕೇಂದ್ರವಾಯಿತು. 2010ರಲ್ಲಿ ಎನ್-ಲಿಸ್ಟ್ ಯೋಜನೆಯ ಮೂಲಕ ವಿದ್ಯುನ್ಮಾನ ನಿಯತಕಾಲಿಕಗಳು ಕಾಲೇಜು ಗ್ರಂಥಾಲಯಗಳಿಗೂ ದೊರೆತವು.

ಆದರೆ ಶೋಧದ ಫಲವು ನಾವು ಬಳಸುವ ಪದವನ್ನು ಅವಲಂಬಿಸಿರುತ್ತದೆ. ಜೇಮ್ಸ್ ಬರ್ಜೆಸ್ 1872ರಲ್ಲಿ ಮುಂಬಯಿಯಲ್ಲಿ ಆರಂಭಿಸಿದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಜೆ. ಎಫ್. ಫ್ಲೀಟ್ ಅವರು ಕರ್ನಾಟಕದ ಅನೇಕ ಶಾಸನಗಳನ್ನು ‘ಸಂಸ್ಕೃತ್ ಅಂಡ್ ಓಲ್ಡ್ ಕೆನರೀಸ್ ಇನ್‌ಸ್ಕ್ರಿಪ್ಷನ್ಸ್’ ಎಂಬ ಶೀರ್ಷಿಕೆಯಡಿ ಪ್ರಕಟಿಸಿದರು. ಶೀರ್ಷಿಕೆಗಳಲ್ಲಿ ‘ಕನ್ನಡ’ ಎಂಬ ಪದವನ್ನಷ್ಟೇ ಅರಸುವವರಿಗೆ ಇವು ಕಾಣಸಿಗುವುದಿಲ್ಲ. ‘ಕೆನರೀಸ್’ ಎಂದೂ, ಧಾರವಾಡಕ್ಕೆ ‘ಧಾರ್ವಾರ್’ ಎಂದೂ ಅಂದಿನ ಇಂಗ್ಲಿಷ್ ಕಾಗುಣಿತದಲ್ಲಿಯೇ ಹುಡುಕಬೇಕಾಗುತ್ತದೆ. ಇದಲ್ಲದೆ, ಕನ್ನಡದ ಸಂಶೋಧನ ಪತ್ರಿಕೆಗಳ ಹಳೆಯ ಸಂಚಿಕೆಗಳು ಅಂತಾರಾಷ್ಟ್ರೀಯ ದತ್ತಸಂಚಯಗಳಲ್ಲಿ ಸೇರಿರುವುದು ವಿರಳ.

ಆದಕಾರಣ ದತ್ತಸಂಚಯದ ಮೌನವನ್ನೇ ಪ್ರಮಾಣವೆಂದು ಭಾವಿಸಲಾಗದು. ‘ಈ ವಿಷಯದಲ್ಲಿ ಪೂರ್ವಾಧ್ಯಯನಗಳಿಲ್ಲ’ ಎಂದು ಬರೆಯುವ ಮೊದಲು ಹಳೆಯ ಹೆಸರುಗಳಿಂದ ಮತ್ತೊಮ್ಮೆ ಶೋಧಿಸಿ, ಮುದ್ರಿತ ಲೇಖನಸೂಚಿಗಳನ್ನೂ ಪರಿಶೀಲಿಸಬೇಕು. ಇಲ್ಲವಾದರೆ ಹಿಂದಿನ ವಿದ್ವಾಂಸರ ಪರಿಶ್ರಮ ನಮ್ಮ ಅಜಾಗರೂಕತೆಯಿಂದಲೇ ಮರೆಯಾದೀತು.