ಪದವಿಯ ಬೆಲೆ: ಎರಡು ಲೆಕ್ಕ

ಪದವಿಗೆ ಇಷ್ಟು ಖರ್ಚು ತಕ್ಕುದೇ ಎಂಬ ಹೆತ್ತವರ ಪ್ರಶ್ನೆ ನಮ್ಮ ಅಂಬಲಪಾಡಿಗೆ ಹೊಸತಲ್ಲ. ಉಡುಪಿಯಲ್ಲಿ ಕಾಲೇಜಿಲ್ಲದಾಗ ಮಂಗಳೂರಿಗೆ ಹೋಗಬೇಕಿತ್ತು. ಶುಲ್ಕದೊಡನೆ ಊಟ-ವಸತಿಯ ಹೊರೆ ಬೇರೆ. 1949ರಲ್ಲಿ ಡಾ. ಟಿ.ಎಂ.ಎ. ಪೈಯವರ ಮುಂದಾಳುತನದಲ್ಲಿ ಮಹಾತ್ಮ ಗಾಂಧಿ ಸ್ಮಾರಕ ಕಾಲೇಜು ಸ್ಥಾಪನೆಯಾದ ಮೇಲೆ ಮನೆಯಲ್ಲೇ ಗಂಜಿಯುಂಡು, ನಡೆದೇ ಹೋಗಿ ಓದಬಹುದಾಯಿತು. ದಿನಕ್ಕೆ ಎರಡಾಣೆಯ ಪಿಗ್ಮಿ ಕಟ್ಟುವ ಮನೆಗೂ ಆ ಪದವಿ ಎಟುಕುವಂತಿತ್ತು, ತಕ್ಕುದೂ ಆಗಿತ್ತು.

1953ರಲ್ಲಿ ಪೈಯವರೇ ತೆರೆದ ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಲೆಕ್ಕ ಬೇರೆ. ವಿದ್ಯಾರ್ಥಿಗಳು ತೆತ್ತ ಹಣದ ಬಲದಿಂದ ಅದು ಬೆಳೆಯಿತು. ಗದ್ದೆ ಅಡವಿಟ್ಟು ಓದಿಸುವುದು ವೈದ್ಯಪದವಿಗೆ ಸರಿಹೋದೀತು. ಎಲ್ಲ ಪದವಿಗೂ ಸರಿಯೆಂದು ನನಗೆ ತೋರದು. ಕ್ಯಾಪಿಟೇಶನ್ ಶುಲ್ಕವನ್ನು ರಾಜ್ಯವು 1984ರಲ್ಲಿ ಕಾನೂನು ಮಾಡಿ ನಿಷೇಧಿಸಿತು. 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಅನುದಾನರಹಿತ ಕಾಲೇಜುಗಳು ಶುಲ್ಕವನ್ನು ತಾವೇ ನಿಗದಿಪಡಿಸಬಹುದು, ಆದರೆ ಲಾಭಕೋರತನ ಕೂಡದು ಎಂದಿತು. ಈ ಎರಡರ ನಡುವೆ ಗೆರೆ ಎಳೆಯುವ ಕೆಲಸ 2003ರಿಂದ ನಿವೃತ್ತ ನ್ಯಾಯಾಧೀಶರ ಸಮಿತಿಗಳ ಪಾಲಿಗೆ ಬಂತು.